ಬೀಗ ಹಾಕಿದ ಮನೆಗೆ ಕಾವಲು ಯಾರು?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ಮನೆ ಕಳವಾದ ಮರುದಿನ ಹೊಸ ಬೀಗ ತರಲು ಪೇಟೆಗೆ ಹೊರಡುವವರನ್ನು ನೋಡಿದರೆ ಆ ಗಾದೆ ಇಂದಿಗೂ ಸವೆದಿಲ್ಲವೆಂದು ತೋರುತ್ತದೆ. ಈಗ ಬೀಗದ ಜತೆಗೆ ಕ್ಯಾಮರಾವನ್ನೂ ತರುತ್ತಾರೆ, ವ್ಯತ್ಯಾಸ ಅಷ್ಟೇ.

ಮಂಜೇಶ್ವರದಿಂದ ತೃಕ್ಕರಿಪುರದ ತನಕ ನಮ್ಮ ಜಿಲ್ಲೆಯಲ್ಲಿ ಬೀಗ ಹಾಕಿದ ಮನೆಗಳಿಗೆ ಕೊರತೆಯಿಲ್ಲ. ಮಗ ಗಲ್ಫಿನಲ್ಲಿ, ಮಗಳು ಬೆಂಗಳೂರಿನಲ್ಲಿ, ಹಿರಿಯರು ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಇಲ್ಲಿ. ಬೀಗ ಬೀಳದ ಮನೆಗಳಲ್ಲೂ ಅನೇಕ ಕಡೆ ಇರುವವರು ವಯಸ್ಸಾದ ಇಬ್ಬರು ಮಾತ್ರ. ಅಡಿಕೆ ತೋಟದ ನಡುವಿನ ಒಂಟಿ ಮನೆ. ಕೂಗಿದರೆ ನೆರೆಮನೆಗೆ ಕೇಳಿಸದು. ಆಟಿಯ ಮಳೆ ಹಂಚಿನ ಮಾಡಿನ ಮೇಲೆ ಸುರಿಯುವಾಗ ಹಿತ್ತಿಲ ಬಾಗಿಲನ್ನು ಮೀಟುವ ಸದ್ದು ಚಾವಡಿಯಲ್ಲಿ ಮಲಗಿದವರ ಕಿವಿಗೂ ಬೀಳದು. ಹೋಗುವುದು ಬರಿಯ ಚಿನ್ನವಲ್ಲ. ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಸಿಟ್ಟದ್ದು, ಬ್ಯಾಂಕಿನಲ್ಲಿ ಅಡವಿಟ್ಟು ಕಷ್ಟದಿಂದ ಬಿಡಿಸಿಕೊಂಡದ್ದು ಹೋಗುತ್ತದೆ. ಅದರೊಡನೆ ಆ ಮನೆಯಲ್ಲಿ ಕಣ್ಣುಮುಚ್ಚಿ ನಿದ್ರಿಸುವ ಧೈರ್ಯವೂ ಹೋಗುತ್ತದೆ.

ಕೆಲವೇ ಸಾವಿರ ರೂಪಾಯಿಗೆ ಪೇಟೆಯ ಅಂಗಡಿಗಳಲ್ಲಿ ಸಿಗುವ ಕ್ಯಾಮರಾ, ಬಾಗಿಲ ಗಂಟೆ, ಮೊಬೈಲು ಆಪ್ ಇತ್ಯಾದಿಗಳಿಂದ ಈ ಕಾಟಕ್ಕೆ ಎಷ್ಟರ ಮಟ್ಟಿಗೆ ಪರಿಹಾರ ದೊರೆತೀತು? ಅವುಗಳಿಂದ ಏನಾದೀತು, ಏನಾಗದು? ಇವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬೀಗದಿಂದ ಕ್ಯಾಮರಾದ ವರೆಗೆ

ಕಳ್ಳ ಬಂದಿದ್ದನೆಂದು ಒಡೆಯನಿಗೆ ತಿಳಿಸುವ ಉಪಾಯ ಇಂದಿನದಲ್ಲ. 1818ರಲ್ಲಿ ಇಂಗ್ಲೆಂಡಿನ ಜೆರೆಮಿಯಾ ಚಬ್ ಎಂಬಾತ ಒಂದು ವಿಚಿತ್ರ ಬೀಗವನ್ನು ತಯಾರಿಸಿದ. ಅನ್ಯ ಕೀಲಿ ಹಾಕಿಯೋ ತಂತಿ ತೂರಿಸಿಯೋ ತೆಗೆಯಲು ಯತ್ನಿಸಿದರೆ ಅದು ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಒಡೆಯ ಬಂದು ತನ್ನ ಕೀಲಿ ತಿರುಗಿಸಿದಾಗ, ಯಾರೋ ಕೈಯಾಡಿಸಿದ್ದಾರೆಂದು ಆತನಿಗೆ ಗೊತ್ತಾಗುತ್ತಿತ್ತು.

ಅದು ಮರುದಿನ ತಿಳಿಯುವ ಮಾತಾಯಿತು. ಆ ಕ್ಷಣಕ್ಕೇ ತಿಳಿಯಬೇಕಾದರೆ? ಅಮೆರಿಕದ ಮಸಾಚುಸೆಟ್ಸ್‌ನ ಪಾದ್ರಿ ಅಗಸ್ಟಸ್ ರಸೆಲ್ ಪೋಪ್ 1853ರಲ್ಲಿ ವಿದ್ಯುತ್ ಗಂಟೆಗೆ ಪೇಟೆಂಟು ಪಡೆದ. ಬಾಗಿಲೋ ಕಿಟಿಕಿಯೋ ತೆರೆದೊಡನೆ ತಂತಿಗಳು ಕೂಡಿ, ಕಾಂತ ಮಿಡಿದು, ಸುತ್ತಿಗೆ ಗಂಟೆಗೆ ಬಡಿಯುವ ಏರ್ಪಾಡು ಅದು. 1857ರಲ್ಲಿ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ ಆ ಹಕ್ಕನ್ನು ಕೊಂಡು ಅದನ್ನು ದೊಡ್ಡ ವ್ಯವಹಾರವಾಗಿ ಬೆಳೆಸಿದ.

ಮನೆಗೆ ಕ್ಯಾಮರಾ ತಂದ ಕೀರ್ತಿ ಒಬ್ಬ ದಾದಿಗೆ ಸಲ್ಲುತ್ತದೆ. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿದ್ದ ಮೇರಿ ವಾನ್ ಬ್ರಿಟನ್ ಬ್ರೌನ್ ಹೊತ್ತಲ್ಲದ ಹೊತ್ತಿನಲ್ಲಿ ಕೆಲಸದಿಂದ ಮರಳುವವರು. ಅನೇಕ ರಾತ್ರಿ ಮನೆಯಲ್ಲಿ ಒಬ್ಬರೇ. ಆ ವಠಾರದಲ್ಲಿ ಪೋಲೀಸರನ್ನು ಕರೆದರೆ ಬರುವುದು ತಡ. ವಿದ್ಯುನ್ಮಾನ ಕೆಲಸ ಬಲ್ಲ ಪತಿಯ ಜತೆ ಸೇರಿ ಅವರು 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಅದು ದೊರೆಯಿತು. ಬಾಗಿಲಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ಇಣುಕುಗಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮರಾ, ಮಲಗುವ ಕೋಣೆಯಲ್ಲಿ ಟೆಲಿವಿಷನ್ ಪರದೆ, ಹೊರಗಿನವನೊಡನೆ ಮಾತಾಡುವ ಸೌಕರ್ಯ, ಅಪಾಯ ಸೂಚಿಸಲು ಒಂದು ಗುಂಡಿ. ಇಂದು ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುವ ಬಾಗಿಲ ಕ್ಯಾಮರಾದ ಮೂಲ ರೂಪ ಇದೇ. ಪೋಲೀಸರು ಬರುವುದು ತಡವಾಗುವಲ್ಲಿ ಇಂಥದೊಂದು ಉಪಾಯ ಹುಟ್ಟಿತೆಂಬುದು ಹಳ್ಳಿಮನೆಯವರಾದ ನಮಗೆ ಚೆನ್ನಾಗಿ ಅರ್ಥವಾದೀತು.

ನಮ್ಮ ಹವೆಗೆ ಒಗ್ಗುವುದೇನು?

ಇಂದಿನ ಸಾಧನಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಬಾಗಿಲು ಕಿಟಿಕಿಗೆ ಅಂಟಿಸುವ ಕಾಂತದ ಸ್ವಿಚ್ಚು. ಬಾಗಿಲಲ್ಲೊಂದು ತುಂಡು, ದಾರಂದದಲ್ಲೊಂದು ತುಂಡು. ಎರಡೂ ದೂರವಾದರೆ ಗಂಟೆ ಬಡಿಯುತ್ತದೆ, ಮೊಬೈಲಿಗೆ ಸುದ್ದಿ ಹೋಗುತ್ತದೆ. ಪಾದ್ರಿ ಪೋಪನ ಗಂಟೆಯ ಮರಿಮಗು ಇದು. ಬೆಲೆ ಕಡಮೆ, ತೊಂದರೆಯೂ ಕಡಮೆ. ಆದರೆ ಹಂಚು ಸರಿಸಿ ಅಟ್ಟದ ಮೂಲಕ ಇಳಿಯುವವನನ್ನು ಇದು ಅರಿಯದು.

ಎರಡನೆಯದು ಚಲನೆಯನ್ನು ಅರಿಯುವ ಸಾಧನ. ಮನುಷ್ಯ ದೇಹದ ಬಿಸಿಯಿಂದ ಹೊರಡುವ, ಕಣ್ಣಿಗೆ ಕಾಣದ ಕಿರಣಗಳಲ್ಲಾಗುವ ವ್ಯತ್ಯಾಸವನ್ನು ಇದು ಗುರುತಿಸುತ್ತದೆ. ಬೆಕ್ಕು ನಡೆದರೂ, ಹಲ್ಲಿ ಅದರ ಕಣ್ಣಿನ ಮೇಲೆ ಹರಿದರೂ ಅಷ್ಟೇ ನಿಷ್ಠೆಯಿಂದ ಕೂಗುತ್ತದೆ. ರಾತ್ರಿಗೆ ಮೂರು ಸಲ ಸುಮ್ಮನೆ ಕೂಗುವ ಗಂಟೆಯನ್ನು ನಾಲ್ಕನೆಯ ದಿನ ಮನೆಯವರೇ ಬಂದ್ ಮಾಡಿಡುತ್ತಾರೆ. ಆದುದರಿಂದ ಇದನ್ನು ಅಂಗಳಕ್ಕಿಂತ ಮನೆಯೊಳಗೆ, ಯಾರೂ ನಡೆದಾಡದ ಹೊತ್ತಿಗೆ ಬಳಸುವುದು ಲೇಸು.

ಮೂರನೆಯದೇ ಕ್ಯಾಮರಾ. ಇಲ್ಲಿ ನಮ್ಮ ಹವೆಯ ಉಪಟಳವನ್ನು ಮರೆಯುವಂತಿಲ್ಲ. ಮಳೆಗಾಲಕ್ಕೆ ಮುಂಚಿನ ಗುಡುಗೂ ತುಲಾ ಮಾಸದ ಸಿಡಿಲೂ ಕರೆಂಟಿನ ತಂತಿಯ ಮೂಲಕ ಬಂದು ಯಂತ್ರವನ್ನು ಸುಟ್ಟುಬಿಡುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಕ್ಯಾಮರಾವೂ ಕುರುಡು, ಇಂಟರ್‌ನೆಟ್ಟೂ ಮೌನ. ಕಳ್ಳನಿಗೆ ಬೇಕಾದುದು ಅಂಥ ರಾತ್ರಿಯೇ. ಕ್ಯಾಮರಾಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಇಂಟರ್‌ನೆಟ್ಟಿನ ಪೆಟ್ಟಿಗೆಗೆ ಸಣ್ಣದೊಂದು ಬ್ಯಾಟರಿಯನ್ನೂ, ಮನೆಗೆ ಒಳ್ಳೆಯ ಅರ್ತಿಂಗನ್ನೂ ಮಾಡಿಸದಿದ್ದರೆ ಹಣ ನೀರಿನಲ್ಲಿ ಹೋಮ. ತಂತಿ ತಲಪದ ತೋಟದ ಮನೆಗೆ ಸಿಮ್ ಹಾಕುವ, ಬಿಸಿಲಿನಿಂದ ಚಾರ್ಜಾಗುವ ಕ್ಯಾಮರಾಗಳಿವೆ. ಆದರೆ ಆಟಿಯ ಬಿಸಿಲನ್ನು ನಂಬುವಂತಿಲ್ಲ.

ಇನ್ನೊಂದು ಶತ್ರು ಜೇಡ. ಕತ್ತಲಲ್ಲಿ ನೋಡಲು ಕ್ಯಾಮರಾ ತನ್ನದೇ ಕಿರಣವನ್ನು ಬೀರುತ್ತದೆ. ಕಣ್ಣಿನ ಮುಂದೆ ಜೇಡ ಬಲೆ ಕಟ್ಟಿದರೆ ಆ ಬಲೆಯೇ ಬೆಳ್ಳಗೆ ಹೊಳೆದು, ಹಿಂದೆ ನಡೆದುದೊಂದೂ ಕಾಣದು. ವಾರಕ್ಕೊಮ್ಮೆ ಗುಡಿಸಲು ಹಿಡಿಯುವ ಕೈ ಕ್ಯಾಮರಾದ ಮುಖವನ್ನೂ ಒರೆಸಬೇಕು.

ಕ್ಯಾಮರಾ ಕಟ್ಟುವ ಎತ್ತರವೂ ಮುಖ್ಯ. ಯಾರ ಕೈಗೂ ಸಿಗಬಾರದೆಂದು ಮಾಡಿನ ತುದಿಗೆ ಕಟ್ಟಿದರೆ ಸಿಗುವುದು ಕಳ್ಳನ ಟೊಪ್ಪಿಯ ಚಿತ್ರ ಮಾತ್ರ. ಇಡೀ ಅಂಗಳ ಕಾಣುವಂತೆ ಮೇಲೊಂದು, ಬಾಗಿಲಿಗೆ ಬಂದವನ ಮುಖ ಕಾಣುವಂತೆ ತಗ್ಗಿನಲ್ಲೊಂದು ಇದ್ದರೆ ಉತ್ತಮ. ಚಿತ್ರ ಶೇಖರಿಸುವ ಪೆಟ್ಟಿಗೆಯನ್ನು ಟೆಲಿವಿಷನ್ನಿನ ಪಕ್ಕದಲ್ಲೇ ಅಲಂಕಾರಕ್ಕೆಂಬಂತೆ ಇಡಬಾರದು. ತಿಳಿದ ಕಳ್ಳ ಮೊದಲು ಹೊತ್ತೊಯ್ಯುವುದು ಆ ಪೆಟ್ಟಿಗೆಯನ್ನೇ. ಅದು ಕಾಣದ ಜಾಗದಲ್ಲಿರಬೇಕು, ಇಲ್ಲವೆ ಚಿತ್ರದ ಒಂದು ಪ್ರತಿ ಇಂಟರ್‌ನೆಟ್ಟಿನ ಮೂಲಕ ಬೇರೆಡೆ ಸೇರುತ್ತಿರಬೇಕು.

ನೋಡುವುದು ಯಂತ್ರ, ಓಡಿ ಬರುವವರು ನೆರೆಯವರು

2022ರ ಫೆಬ್ರವರಿಯಲ್ಲಿ ಕೋಟ್ಟಯಂ ಜಿಲ್ಲೆಯ ಒಂದು ಮನೆಯಲ್ಲಿ ನಡೆದ ಘಟನೆ ಇಲ್ಲಿ ಸ್ಮರಣೀಯ. ಮನೆಯಲ್ಲಿ ವೃದ್ಧ ತಂದೆ ತಾಯಿ ಮಲಗಿದ್ದರು. ಮಗಳು ದೆಹಲಿ ಸಮೀಪದ ನೋಯಿಡಾದಲ್ಲಿ. ರಾತ್ರಿ ಅವರು ಮೊಬೈಲಿನಲ್ಲಿ ತವರುಮನೆಯ ಕ್ಯಾಮರಾ ನೋಡುವಾಗ ಅಪರಿಚಿತನೊಬ್ಬ ಸುಳಿಯುತ್ತಿರುವುದು ಕಂಡಿತು. ಕೂಡಲೇ ಅವರು ನೆರೆಮನೆಯವರಿಗೆ ಫೋನು ಮಾಡಿದರು. ನೆರೆಯವರು ಪೋಲೀಸರಿಗೆ ತಿಳಿಸಿದರು. ಪೋಲೀಸರು ಬಂದಾಗ ಓಡಲೆತ್ನಿಸಿದ ಕಳ್ಳ ಸಿಕ್ಕಿಬಿದ್ದ.

ಸಾವಿರಾರು ಕಿಲೋಮೀಟರು ದೂರದಿಂದ ಮಗಳು ಕಳ್ಳನನ್ನು ಹಿಡಿದಳೆಂದು ಜನ ಕೊಂಡಾಡಿದರು, ತಪ್ಪೇನೂ ಇಲ್ಲ. ಆದರೆ ಈ ಕತೆಯ ನಡುಗಂಬ ಆ ನೆರೆಮನೆಯವರು. ಆ ಹೊತ್ತಿನಲ್ಲಿ ಕರೆದರೆ ಫೋನೆತ್ತುವ ಒಬ್ಬರಿದ್ದರು; ಅವರ ನಂಬ್ರ ಮಗಳ ಬಳಿ ಇತ್ತು. ಅದಿಲ್ಲದಿದ್ದರೆ ಆಕೆ ತನ್ನ ಮನೆ ಕಳವಾಗುವುದನ್ನು ಕುಳಿತಲ್ಲಿಂದಲೇ ಕಣ್ಣಾರೆ ನೋಡಬೇಕಾಗುತ್ತಿತ್ತು. ಊರಿನಲ್ಲಿ ತಂದೆ ತಾಯಿಯನ್ನು ಬಿಟ್ಟು ಗಲ್ಫಿನಲ್ಲೋ ಮುಂಬಯಿಯಲ್ಲೋ ಇರುವ ವಾಚಕರನ್ನು ನಾವು ಕೇಳುವುದಿಷ್ಟೆ: ಊರಿಗೆ ಬಂದಾಗ ಕ್ಯಾಮರಾ ಕಟ್ಟಿಸಿದಿರಿ, ಒಳ್ಳೆಯದು. ಪಕ್ಕದ ಮನೆಯ ಇಬ್ಬರ ನಂಬ್ರ ನಿಮ್ಮ ಮೊಬೈಲಿನಲ್ಲಿದೆಯೆ? ನಡುರಾತ್ರಿ ಕರೆದರೆ ಬರುವೆವೆಂದು ಅವರು ಒಪ್ಪಿದ್ದಾರೆಯೆ?

ಕೇರಳ ಪೋಲೀಸು ಇಲಾಖೆ 2020ರಲ್ಲಿ ಹೊರತಂದ ಪೋಲ್-ಆಪ್ ಎಂಬ ಮೊಬೈಲು ಆಪ್‌ನಲ್ಲಿಯೂ ಇದೇ ತತ್ತ್ವ ಅಡಗಿದೆ. ಮನೆಗೆ ಬೀಗ ಹಾಕಿ ಹೊರಡುವವರು ಅದರ ಮೂಲಕ ಠಾಣೆಗೆ ಮುಂಚಿತವಾಗಿ ತಿಳಿಸಬಹುದು. ಗರಿಷ್ಠ 14 ದಿನಗಳ ಕಾಲ ಮನೆಯ ಮೇಲೆ ಪೋಲೀಸರು ಕಣ್ಣಿಡುವ ವ್ಯವಸ್ಥೆ ಅದು. ಹೊರಡುವ ದಿನ, ಮನೆಯ ಹೆಸರು, ದಾರಿ ಇವುಗಳೊಂದಿಗೆ ನೆರೆಯವರ ಇಲ್ಲವೆ ಬಂಧುಗಳ ಹೆಸರು, ಫೋನು ನಂಬ್ರಗಳನ್ನೂ ಅದು ಕೇಳುತ್ತದೆ. ಕೆಲ್ಟ್ರಾನ್ ಸಂಸ್ಥೆಯ ಸಹಕಾರದೊಂದಿಗೆ 2019ರಲ್ಲಿ ಪೋಲೀಸರು ಇನ್ನೊಂದು ಯೋಜನೆಯನ್ನೂ ಆರಂಭಿಸಿದರು. ಅತಿಕ್ರಮಿಗಳು ನುಗ್ಗಿದರೆ ತಿರುವನಂತಪುರದ ಪೋಲೀಸು ನಿಯಂತ್ರಣ ಕೇಂದ್ರಕ್ಕೆ ಕೆಲವೇ ಸೆಕೆಂಡುಗಳಲ್ಲಿ ಸುದ್ದಿ ಮುಟ್ಟುವ ಏರ್ಪಾಡು ಅದು. ಆಪ್ ಬಳಸಲು ತಿಳಿಯದ ಹಿರಿಯರು ಠಾಣೆಗೇ ಹೋಗಿ ಹೇಳಲು ಸಂಕೋಚಪಡಬೇಕಾಗಿಲ್ಲ. ತುರ್ತಿಗೆ 112 ನಂಬ್ರವನ್ನು ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟರೆ ಚಂದ.

ವಳಪಟ್ಟಣದ ಪಾಠ

ಕಳವನ್ನು ತಡೆಯುವುದು ಒಂದು. ಕಳವಾದ ಮೇಲೆ ಪತ್ತೆ ಹಚ್ಚುವುದು ಇನ್ನೊಂದು. ಎರಡನೆಯದಕ್ಕೆ ನಮ್ಮ ನೆರೆಯ ಕಣ್ಣೂರು ಜಿಲ್ಲೆಯೇ ನಿದರ್ಶನ. 2024ರ ನವೆಂಬರಿನಲ್ಲಿ ವಳಪಟ್ಟಣದ ವ್ಯಾಪಾರಿಯೊಬ್ಬರ ಕುಟುಂಬ ಮದುವೆಗೆಂದು ಮದುರೆಗೆ ತೆರಳಿದ್ದಾಗ, ಕಿಟಿಕಿಯ ಸರಳು ಮುರಿದು ಒಳನುಗ್ಗಿದ ಕಳ್ಳ ಲಾಕರಿನಿಂದ ಒಂದು ಕೋಟಿಗೂ ಮಿಕ್ಕಿದ ನಗದನ್ನೂ ಎರಡೂವರೆ ನೂರಕ್ಕೂ ಹೆಚ್ಚು ಪವನ್ ಚಿನ್ನವನ್ನೂ ದೋಚಿದ. ಡಿಸೆಂಬರಿನ ಆರಂಭದಲ್ಲಿ ಪೋಲೀಸರು ಬಂಧಿಸಿದ್ದು ಪರವೂರಿನ ತಂಡವನ್ನಲ್ಲ, ನೆರೆಮನೆಯ ಒಬ್ಬಾತನನ್ನು. ಆರೋಪಿ ಒಂದು ಕ್ಯಾಮರಾವನ್ನು ಬೇರೆಡೆಗೆ ತಿರುಗಿಸಿದ್ದನೆಂದೂ, ತಿರುಗಿದ ಆ ಕ್ಯಾಮರಾವೇ ಕೋಣೆಯೊಳಗೆ ಅವನ ಚಿತ್ರವನ್ನು ಹಿಡಿಯಿತೆಂದೂ ಪೋಲೀಸರು ತಿಳಿಸಿದರು. ಬೆರಳಚ್ಚೂ ಕೈಕೊಡಲಿಲ್ಲ, ಹಿಂದಿನ ಇನ್ನೊಂದು ಕಳವಿನಲ್ಲಿ ಸಿಕ್ಕಿದ ಗುರುತಿಗೆ ಅದು ತಾಳೆಯಾಯಿತು.

ಇಲ್ಲಿ ಎರಡು ಪಾಠಗಳಿವೆ. ನೆರೆಯವರನ್ನು ನಂಬಬೇಕು, ಆದರೆ ಲಾಕರು ಎಲ್ಲಿದೆ, ಕೀಲಿ ಎಲ್ಲಿದೆ, ಎಷ್ಟು ದಿನ ಮನೆ ಖಾಲಿ ಎಂಬುದನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ಒಬ್ಬರಿಗಿಂತ ಇಬ್ಬರು ಮೂವರು ನೆರೆಯವರಿಗೆ ಹೊಣೆ ಹಂಚಿದರೆ ಒಳ್ಳೆಯದು. ಇನ್ನು ಅಷ್ಟೊಂದು ಚಿನ್ನ, ನಗದುಗಳಿಗೆ ಮನೆ ತಕ್ಕ ಸ್ಥಳವಲ್ಲ. ಬ್ಯಾಂಕಿನ ಲಾಕರಿನ ವಾರ್ಷಿಕ ಬಾಡಿಗೆ ಒಂದು ಪವನಿನ ಬೆಲೆಯ ಮುಂದೆ ಏನೇನೂ ಅಲ್ಲ.

ಕಳವಾದ ಬೆಳಿಗ್ಗೆ

ಕಳವಾದುದು ತಿಳಿದೊಡನೆ ಊರವರೆಲ್ಲ ಒಳಗೆ ನುಗ್ಗಿ ಕಪಾಟು ಮುಟ್ಟಿ ನೋಡುವುದು ನಮ್ಮಲ್ಲಿ ರೂಢಿ. ಬೆರಳಚ್ಚು ಸಂಗ್ರಹದ ಜಗತ್ತಿನ ಮೊದಲ ಕಚೇರಿ 1897ರಲ್ಲಿ ನಮ್ಮ ದೇಶದ ಕಲ್ಕತ್ತೆಯಲ್ಲೇ ಸ್ಥಾಪನೆಯಾದುದು. 2022ರಿಂದ ಬೆರಳಚ್ಚುಗಳ ರಾಷ್ಟ್ರೀಯ ಗಣಕ ಭಂಡಾರವೂ ಇದೆ. ಅನ್ಯರಾಜ್ಯದ ಕಳ್ಳನಾದರೂ ಅವನ ಹಳೆಯ ಗುರುತು ಅದರಲ್ಲಿದ್ದರೆ ತಾಳೆ ನೋಡಲು ಸಾಧ್ಯ. ಆದರೆ ಕಳ್ಳನ ಗುರುತಿನ ಮೇಲೆ ನೆಂಟರಿಷ್ಟರ ಹತ್ತು ಕೈಗಳ ಗುರುತು ಬಿದ್ದ ಮೇಲೆ ಯಾವ ಗಣಕ ಏನು ಮಾಡೀತು? ಪೋಲೀಸರು ಬರುವ ತನಕ ಒಳಗೆ ಕಾಲಿಡದಿರುವುದೇ ಅವರಿಗೆ ನಾವು ಮಾಡುವ ಮೊದಲ ಸಹಾಯ.

ಎರಡನೆಯದು ಕ್ಯಾಮರಾದ ಚಿತ್ರ. ಜಾಗ ತುಂಬಿದಂತೆ ಯಂತ್ರ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತ ಹೋಗುತ್ತದೆ. ಆದುದರಿಂದ ಆ ದಿನದ್ದು ಮಾತ್ರವಲ್ಲ, ಹಿಂದಿನ ವಾರದ್ದನ್ನೂ ತಡಮಾಡದೆ ತೆಗೆದಿಡಬೇಕು. ಮನೆಯ ಅಂದಾಜು ನೋಡಲು ಕಳ್ಳ ಮೊದಲೊಮ್ಮೆ ಹಗಲಲ್ಲಿ ಬಂದಿರಬಹುದು. ಅದನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚಿ, ಯಾರೋ ಒಬ್ಬನ ಮೇಲೆ ಕಳ್ಳನೆಂಬ ಹಣೆಪಟ್ಟಿ ಅಂಟಿಸುವುದು ಬೇಡ. ಯಂತ್ರದ ಗಡಿಯಾರ ಸರಿಯಾಗಿದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು. ರಾತ್ರಿ ಎರಡರ ಕಳವಿಗೆ ಮಧ್ಯಾಹ್ನ ಮೂರರ ಚಿತ್ರ ತೋರಿಸಿದರೆ ಎದುರು ವಕೀಲರು ಬಿಟ್ಟಾರೆಯೇ?

ನ್ಯಾಯಾಲಯದಲ್ಲಿ ಚಿತ್ರ ನಿಲ್ಲಬೇಕಾದರೆ ಅದಕ್ಕೊಂದು ಪ್ರಮಾಣಪತ್ರವೂ ಬೇಕು. ಕೇರಳದ್ದೇ ಒಂದು ಚುನಾವಣಾ ತಕರಾರಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಪ್ರಮಾಣಪತ್ರವಿಲ್ಲದ ಸಿ.ಡಿ. ಪ್ರತಿಗಳು ಸಾಕ್ಷ್ಯವಾಗವೆಂದು ಹೇಳಿತು. 2020ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಈ ಪತ್ರಕ್ಕೆ ಗೊತ್ತಾದ ನಮೂನೆಯಿದೆ. ಒಂದು ಭಾಗವನ್ನು ಚಿತ್ರ ಒದಗಿಸುವವರು, ಇನ್ನೊಂದು ಭಾಗವನ್ನು ಪರಿಣತರು ತುಂಬಬೇಕು. ಮೂಲ ಯಂತ್ರವನ್ನೂ ಕಾರ್ಡನ್ನೂ ಜೋಪಾನವಾಗಿಟ್ಟು ಪೋಲೀಸರೊಡನೆ ವಿಚಾರಿಸಿದರೆ ಸಾಕು.

ದೂರಿನ ಭಾಷೆಯ ಬಗ್ಗೆ ಒಂದು ಮಾತು. ಪೋಲೀಸರಿಗೆ ಮಲೆಯಾಳದಲ್ಲಿ ಹೇಳಲು ತಿಳಿಯದೆ ಅರ್ಧ ಮಾತನ್ನು ನುಂಗಿಕೊಂಡು ಮರಳುವ ಹಿರಿಯರು ನಮ್ಮಲ್ಲಿದ್ದಾರೆ. ಕಳವಿನ ದೂರಿನಲ್ಲಿ ಸಣ್ಣ ವಿವರವೇ ಮುಖ್ಯವಾದುದರಿಂದ ಇದು ಕೇವಲ ಭಾಷಾಭಿಮಾನದ ಪ್ರಶ್ನೆಯಲ್ಲ. ಕೇರಳದ 1969ರ ಅಧಿಕೃತ ಭಾಷಾ ಶಾಸನದಂತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳಲ್ಲಿ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದು. ನಡೆದುದನ್ನೂ ಹೋದ ವಸ್ತುಗಳನ್ನೂ ಮನೆಯಲ್ಲಿ ಕುಳಿತು ಕನ್ನಡದಲ್ಲಿ ಸಾವಧಾನವಾಗಿ ಬರೆದು ಒಯ್ಯಿರಿ. ಠಾಣೆಯಲ್ಲಿ ದಾಖಲಾದುದನ್ನು ಓದಿ ಹೇಳಿಸಿಕೊಳ್ಳುವುದೂ, ಅದರ ಪ್ರತಿಯನ್ನು ಖರ್ಚಿಲ್ಲದೆ ಪಡೆಯುವುದೂ ದೂರುಗಾರರ ಹಕ್ಕು. ಭಾಷೆ ಬಲ್ಲ ಹುಡುಗನೊಬ್ಬ ಜತೆಗಿದ್ದರೆ ಇನ್ನೂ ಅನುಕೂಲ.

ಮೊಬೈಲೇ ಮನೆಯ ಪಟ್ಟಿ ಪುಸ್ತಕ

ಎಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ. ಅದಕ್ಕೆ ಹೊಸತಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲಿನಿಂದ ಮನೆಯ ಪ್ರತಿಯೊಂದು ಒಡವೆಯ ಫೋಟೋವನ್ನು ತೆಗೆದು, ತೂಕವನ್ನೂ ಬಿಲ್ಲನ್ನೂ ಜತೆಗಿರಿಸಿ, ಒಂದು ಪ್ರತಿಯನ್ನು ಮಕ್ಕಳಿಗೆ ಕಳುಹಿಸಿಡಿ. 'ಎರಡೆಳೆ ಸರ, ಅಜ್ಜಿಯ ಕಾಲದ್ದು' ಎಂದು ಬಾಯಲ್ಲಿ ಹೇಳುವುದಕ್ಕೂ, ಕೊಂಡಿಯ ಬಳಿಯ ಬೆಸುಗೆ ಗುರುತು ಕಾಣುವ ಫೋಟೋ ತೋರಿಸುವುದಕ್ಕೂ ಬಹಳ ಅಂತರ. 2023ರ ಏಪ್ರಿಲ್ 1ರಿಂದ ಮಾರಾಟವಾಗುವ ಹಾಲ್‌ಮಾರ್ಕ್ ಚಿನ್ನಾಭರಣದ ಮೇಲೆ ಅಕ್ಷರ, ಅಂಕಿಗಳು ಸೇರಿದ ಆರು ಸ್ಥಾನಗಳ ಗುರುತು ಕಡ್ಡಾಯವಾಗಿದೆ. ಒಂದು ಒಡವೆಯದು ಇನ್ನೊಂದಕ್ಕಿಲ್ಲ. ಅದನ್ನು ಬರೆದಿಡಿ. ಕರಗಿಸಿದರೆ ಆ ಗುರುತು ಅಳಿದೀತು ನಿಜ. ಕರಗುವ ಮೊದಲು ಸಿಕ್ಕಿದರೆ ಅದೇ ದೊಡ್ಡ ಪುರಾವೆ.

ಮೊಬೈಲೇ ಕಳವಾದರೆ ಅದರ ಹದಿನೈದು ಅಂಕಿಗಳ ಐಎಂಇಐ ನಂಬ್ರ ಬೇಕು. ಅದು ಡಬ್ಬಿಯ ಮೇಲಿದೆ, ಬಿಲ್ಲಿನಲ್ಲೂ ಇರುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ದೇಶಕ್ಕೆಲ್ಲ ತೆರೆದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ, ಪೋಲೀಸು ದೂರಿನ ಪ್ರತಿಯೊಡನೆ ಈ ನಂಬ್ರ ಕೊಟ್ಟರೆ ಆ ಮೊಬೈಲು ದೇಶದ ಯಾವ ಕಂಪೆನಿಯ ಸಿಮ್ ಹಾಕಿದರೂ ನಡೆಯದಂತೆ ತಡೆಯಬಹುದು. ಯಾರಾದರೂ ಬಳಸಲೆತ್ನಿಸಿದರೆ ಸುಳಿವೂ ಸಿಗುತ್ತದೆ. ಕಳೆದ ಮೊಬೈಲು ಇಂಥ ಕಡೆ ಇದೆಯೆಂದು ಪರದೆಯಲ್ಲಿ ಕಂಡರೆ ಒಬ್ಬರೇ ಹಿಡಿಯಲು ಹೋಗುವ ಸಾಹಸ ಮಾತ್ರ ಬೇಡ; ಆ ಕೆಲಸ ಪೋಲೀಸರದು.

ಕಾವಲುಗಾರನಿಗೂ ಕಾವಲು

ಮನೆಯೊಳಗಿನ ಕ್ಯಾಮರಾ ಒಡೆಯನಿಗೆ ಕಂಡಂತೆ ಅನ್ಯರಿಗೂ ಕಾಣಬಹುದು. ಕಂಪೆನಿ ಕೊಟ್ಟ ಗುಪ್ತಪದವನ್ನೇ ಬದಲಿಸದೆ ಬಿಟ್ಟ ಕ್ಯಾಮರಾಗಳು ಜಗತ್ತಿನಲ್ಲಿ ಲಕ್ಷಗಟ್ಟಲೆ ಇದ್ದುದರಿಂದಲೇ 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಅವುಗಳೊಳಗೆ ಹೊಕ್ಕು ಹಾವಳಿಯೆಬ್ಬಿಸಿತು. ಕ್ಯಾಮರಾಗಳ ಭದ್ರತೆಯನ್ನು ಪರೀಕ್ಷಿಸಿ ಪ್ರಮಾಣೀಕರಿಸಬೇಕೆಂಬ ಕೇಂದ್ರ ಸರಕಾರದ ನಿಯಮ 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿದೆ. ಕೊಳ್ಳುವಾಗ ಅದನ್ನು ವಿಚಾರಿಸಿರಿ. ಕಟ್ಟಿದ ದಿನವೇ ಗುಪ್ತಪದವನ್ನು ಬದಲಿಸಿರಿ. ಮಲಗುವ ಕೋಣೆಗೆ ಕ್ಯಾಮರಾ ಬೇಡ.

ಹಾಗೆಯೇ ನಮ್ಮ ಕ್ಯಾಮರಾ ನೆರೆಮನೆಯ ಬಾವಿಕಟ್ಟೆಯನ್ನೋ ಬಚ್ಚಲನ್ನೋ ನೋಡಬಾರದು. ಭದ್ರತೆಯ ಹೆಸರಿನಲ್ಲಿ ನೆರೆಯವರ ಖಾಸಗಿ ಬದುಕಿಗೆ ಇಣುಕುವಂತಿಲ್ಲವೆಂದು ಕೇರಳ ಹೈಕೋರ್ಟು 2022ರಲ್ಲಿ ಅಭಿಪ್ರಾಯಪಟ್ಟಿದೆ. ಆಪತ್ತಿಗೆ ಓಡಿ ಬರಬೇಕಾದ ನೆರೆಯವರನ್ನೇ ಮುನಿಸಿಕೊಳ್ಳುವಂತೆ ಮಾಡಿ ಕಟ್ಟಿದ ಕ್ಯಾಮರಾದಿಂದ ಏನು ಪ್ರಯೋಜನ?

ಖರ್ಚಿಲ್ಲದ ಎಚ್ಚರ

ಯಂತ್ರ ಕೊಳ್ಳುವ ಮೊದಲು ಮಾಡಬೇಕಾದ ಕೆಲವು ಕೆಲಸಗಳಿವೆ. ಹಾರೆ, ಪಿಕ್ಕಾಸು, ಏಣಿಗಳನ್ನು ಹೊರಗೆ ಬಿಡದಿರಿ. ಅನೇಕ ಮನೆಗಳ ಬಾಗಿಲು ಮುರಿಯುವುದು ಆ ಮನೆಯದೇ ಹಾರೆಯಿಂದ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಹಾಕಿಸಿ; ಎದುರು ಬಾಗಿಲಿಗೆ ತೇಗ, ಹಿಂದಿನದಕ್ಕೆ ಹಲಗೆ ಎಂಬುದು ಕಳ್ಳನಿಗೂ ಗೊತ್ತು. ಹೊರಗಿನ ದೀಪವನ್ನು ಹಗಲೂ ಇರುಳೂ ಉರಿಸಿ ಹೋಗುವುದು 'ಮನೆಯಲ್ಲಿ ಯಾರೂ ಇಲ್ಲ' ಎಂಬ ಫಲಕ ತೂಗಹಾಕಿದಂತೆ. ಹೊತ್ತಿಗೆ ಸರಿಯಾಗಿ ಉರಿದು ಆರುವ ಸ್ವಿಚ್ಚುಗಳು ಈಗ ಅಗ್ಗದಲ್ಲಿ ಸಿಗುತ್ತವೆ. ಒಣಗಿದ ಅಡಿಕೆಯನ್ನು ರಾತ್ರಿ ಅಂಗಳದಲ್ಲಿ ಬಿಡಬೇಡಿ. ಪ್ರವಾಸದ ಫೋಟೋಗಳನ್ನು ಮರಳಿ ಬಂದ ಮೇಲೆ ಮೊಬೈಲಿನಲ್ಲಿ ಹಾಕಿದರೂ ಅವುಗಳ ಅಂದ ಕೆಡುವುದಿಲ್ಲ. ಗೇಟಿನ ಬಳಿ ಹಾಲಿನ ತೊಟ್ಟೆ, ದಿನಪತ್ರಿಕೆಗಳ ರಾಶಿ ಬೀಳದಿರಲಿ. ಪತ್ರಿಕೆಯವರಾದ ನಾವೇ ಹೇಳುತ್ತಿದ್ದೇವೆ: ಮನೆಯಲ್ಲಿರದ ದಿನಗಳಲ್ಲಿ ಪತ್ರಿಕೆಯನ್ನು ನೆರೆಮನೆಗೆ ಹಾಕಲು ತಿಳಿಸಿರಿ. ಅವರೂ ಓದಿಕೊಳ್ಳಲಿ.

ಹಿಂದೆ ಯಾತ್ರೆಗೆ ಹೊರಡುವವರು ಪಕ್ಕದ ಮನೆಯ ಚಾವಡಿಗೆ ಹೋಗಿ, 'ಮನೆ ಕಡೆ ಒಂದು ಕಣ್ಣಿರಲಿ' ಎಂದು ಹೇಳಿ ಹೋಗುತ್ತಿದ್ದರು. ಈಗ ಆ ಕಣ್ಣು ಗೋಡೆಗೆ ಬಂದಿದೆ. ರಾತ್ರಿಯೂ ನಿದ್ರಿಸದು, ಕಂಡುದನ್ನು ಮರೆಯದು. ಆದರೆ ಅದಕ್ಕೆ ಕಾಲಿಲ್ಲ. ಓಡಿ ಬರಬೇಕಾದ ಕಾಲುಗಳು ಇಂದಿಗೂ ಪಕ್ಕದ ಮನೆಯಲ್ಲೇ ಇವೆ. ಮುಂದಿನ ಸಲ ಮನೆಗೆ ಬೀಗ ಹಾಕಿ ಹೊರಡುವ ಮೊದಲು ಅಲ್ಲಿಗೆ ಹೋಗಿ ಹೇಳಿ ಹೊರಡಿ. ಅವರು ಹೊರಡುವಾಗ ಅವರ ಮನೆಗೆ ನಾವಿರೋಣ.